ನಮ್ಮ ನೋವು ಅವರಿಗೆ ಪಾಠವೇ?



ಜೂನ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ಗುರುಮಠದಲ್ಲಿ ಓದುತ್ತಿರುವ ಬ್ರದರ್‌ಗಳು, ಕನ್ಯಾಮಠದಲ್ಲಿ ತರಬೇತಿ ಪಡೆಯುತ್ತಿರುವ ಕಿರಿಯ ಸಿಸ್ಟರ್‌ಗಳು, ಒಮ್ಮೊಮ್ಮೆ ಉಪದೇಶಿಗಳಾಗಲು ಸಿದ್ಧರಾಗುತ್ತಿರುವ ಯುವಕ ಯುವತಿಯರು ಶನಿವಾರ ಭಾನುವಾರ ಬರುತ್ತಾರೆ. ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಾರೆ, ಗಾಯನ ವೃಂದದವರ ಜೊತೆ ಹಾಡುತ್ತಾರೆ, ಮನೆಮನೆಗೆ ಹೋಗಿ ಜಪಸರ ಮಾಡುತ್ತಾರೆ, ಕಾಯಿಲೆಯವರ ಮಂಚದ ಪಕ್ಕ ಕೂರುತ್ತಾರೆ. ನೀವೂ ಅವರಿಗೆ ಕಾಫಿ ಕೊಟ್ಟಿರುತ್ತೀರಿ, 'ಪಾಪ, ಅಪ್ಪ ಅಮ್ಮನ್ನ ಬಿಟ್ಟು ಬಂದ ಹುಡುಗ' ಎಂದು ಇನ್ನೆರಡು ಇಡ್ಲಿ ಬಡಿಸಿರುತ್ತೀರಿ. ಮಾರ್ಚ್ ಬಂತೆಂದರೆ ಅವರಿಗೆ ಪರೀಕ್ಷೆ. ಹೊರಟುಹೋಗುತ್ತಾರೆ. ಮುಂದಿನ ಜೂನ್‌ಗೆ ಬೇರೆಯವರು.

ಇದರಲ್ಲಿ ಯೋಚಿಸುವಂಥದ್ದು ಏನಿದೆ ಎಂದು ನಾನೂ ಬಹಳ ವರ್ಷ ಅಂದುಕೊಂಡಿದ್ದೆ. ನನ್ನ ಕಣ್ಣು ತೆರೆಸಿದವರು ನಮ್ಮ ಧರ್ಮಕೇಂದ್ರದ ಒಬ್ಬ ಅಜ್ಜಿ. ಅವರಿಗೆ ಇದ್ದ ಒಬ್ಬನೇ ಮಗ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಸ್ವಾಮಿ, ಹೋದ ವರ್ಷದ ಬ್ರದರ್‌ಗೆ ಎಲ್ಲಾ ಹೇಳಿದ್ದೆ. ಅದರ ಹಿಂದಿನ ವರ್ಷದವರಿಗೂ ಹೇಳಿದ್ದೆ. ಈಗ ಬಂದಿರೋ ಮಗೂನೂ ಪುಸ್ತಕ ತೆಕ್ಕೊಂಡು ಮೊದಲಿಂದ ಕೇಳುತ್ತೆ. ನನ್ನ ಮಗ ಎಷ್ಟು ಸಲ ಸಾಯಬೇಕು ಸ್ವಾಮಿ?"

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಬ್ಬರು ಕಲಿಯುವುದಕ್ಕಾಗಿ ಇನ್ನೊಬ್ಬರ ನೋವನ್ನು ಬಳಸಿಕೊಳ್ಳುವುದು ಸರಿಯೇ? 'ಹೊಳೆಗೆ ಇಳಿಯದೆ ಈಜು ಬರುತ್ತದೆಯೇ' ಎಂದು ನೀವು ಕೇಳಬಹುದು. ಬರುವುದಿಲ್ಲ, ನಿಜ. ಆದರೆ ಇಲ್ಲಿ ಹೊಳೆ ಎಂದರೆ ನೀರಲ್ಲ, ಜೀವವಿರುವ ಮನುಷ್ಯರು. ಅವರನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎನ್ನುವ ಹಾಗೆ ನಮ್ಮ ಯೋಜನೆಗಳು ಗುರುಮಠದ ಕೊಠಡಿಯಲ್ಲೋ ಧರ್ಮಕೇಂದ್ರದ ಕಚೇರಿಯಲ್ಲೋ ತಯಾರಾಗುತ್ತವೆ.

ಕಲಿಕೆಗೆ ಬಂದವರನ್ನು ಹೊರಗೆ ಕಳಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. 1563ರಲ್ಲಿ ತ್ರೆಂತ್ ಮಹಾಸಭೆ ಪ್ರತಿ ಧರ್ಮಕ್ಷೇತ್ರಕ್ಕೂ ಗುರುಮಠ ಬೇಕೆಂದು ವಿಧಿಸಿತು. ಅದಕ್ಕೆ ಮುಂಚೆ ಎಷ್ಟೋ ಮಂದಿ ಒಬ್ಬ ಹಿರಿಯ ಗುರುವಿನ ಜೊತೆಯಲ್ಲಿದ್ದು, ಬಡಗಿಯ ಮಗ ಬಡಗಿ ಕೆಲಸ ಕಲಿತ ಹಾಗೆ, ಕಂಡಷ್ಟು ಕಲಿಯುತ್ತಿದ್ದರು. ಗುರುಮಠ ಬಂದ ಮೇಲೆ ಓದು ಗಟ್ಟಿಯಾಯಿತು, ಆದರೆ ಜನರಿಂದ ದೂರವೂ ಹೆಚ್ಚಿತು. ಆ ದೂರವನ್ನು ಕಡಿಮೆ ಮಾಡಲೆಂದೇ ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಗುರುಶಿಕ್ಷಣದ ಆಜ್ಞಾಪತ್ರದಲ್ಲಿ, ಅಭ್ಯರ್ಥಿಗಳು ಪ್ರೇಷಿತ ಕಾರ್ಯವನ್ನು ಪುಸ್ತಕದಿಂದ ಮಾತ್ರವಲ್ಲದೆ ಮಾಡಿಯೂ ಕಲಿಯಬೇಕೆಂದು ಹೇಳಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 258ನೇ ವಿಧಿ ಇದಕ್ಕೆ ಒಂದು ಮುಖ್ಯ ಮಾತು ಸೇರಿಸಿದೆ: ಈ ಅಭ್ಯಾಸ ನುರಿತ ಗುರುವೊಬ್ಬರ ಮೇಲ್ವಿಚಾರಣೆಯಲ್ಲಿ, ಅಭ್ಯರ್ಥಿಯ ವಯಸ್ಸಿಗೂ ಸ್ಥಳದ ಪರಿಸ್ಥಿತಿಗೂ ಹೊಂದುವಂತೆ ನಡೆಯಬೇಕು. ಹೀಗಾಗಿ ಕಳಿಸುವುದು ಸರಿಯೇ ಎಂಬ ಪ್ರಶ್ನೆ ಇತ್ಯರ್ಥವಾಗಿದೆ. ಹೇಗೆ ಕಳಿಸುವುದು, ಯಾರ ಮನೆಗೆ ಕಳಿಸುವುದು ಎಂಬಲ್ಲಿಯೇ ನಾವು ಎಡವುವುದು.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ನಮಗೆ ಜರ್ಮನಿಯ ಕಾಂಟ್ ಎಂಬ ತತ್ವಜ್ಞಾನಿಯ ಒಂದು ವಿಚಾರವನ್ನು ಕಲಿಸಿದ್ದರು. 1785ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವರು, ಮನುಷ್ಯನನ್ನು ಯಾವತ್ತೂ ಬರೀ ಸಾಧನವಾಗಿ ಕಾಣಬೇಡ, ಅವನೇ ಒಂದು ಗುರಿಯೆಂದು ಕಾಣು ಎನ್ನುತ್ತಾರೆ. 'ಬರೀ' ಎಂಬ ಪದವನ್ನು ಗಮನಿಸಿ. ನಾವೆಲ್ಲರೂ ದಿನವೂ ಒಬ್ಬರಿಂದ ಒಬ್ಬರು ಉಪಯೋಗ ಪಡೆಯುತ್ತೇವೆ. ಬಸ್ಸಿನ ಡ್ರೈವರ್ ನನಗೆ ಊರು ಮುಟ್ಟುವ ದಾರಿ, ನಾನು ಅವನಿಗೆ ಟಿಕೇಟಿನ ದುಡ್ಡು. ಅದು ತಪ್ಪಲ್ಲ. ಅವನಿಗೂ ಹಸಿವು, ನಿದ್ದೆ, ಮಕ್ಕಳು ಇವೆ ಎಂಬುದನ್ನು ಮರೆತಾಗ ತಪ್ಪು ಶುರುವಾಗುತ್ತದೆ. ಮುಂದೆ ಜಗದ್ಗುರು ಎರಡನೇ ಜಾನ್ ಪೌಲರಾದ ಕರೋಲ್ ವೊಯ್ತಿವಾ, ಪೋಲೆಂಡಿನಲ್ಲಿ ನೀತಿಶಾಸ್ತ್ರ ಬೋಧಿಸುತ್ತಿದ್ದ ಕಾಲದಲ್ಲಿ, 1960ರಲ್ಲಿ, ಪ್ರೀತಿ ಮತ್ತು ಹೊಣೆಗಾರಿಕೆಯ ಬಗ್ಗೆ ಒಂದು ಪುಸ್ತಕ ಬರೆದರು. ಅವರು ಕಾಂಟ್‌ಗಿಂತ ಒಂದು ಹೆಜ್ಜೆ ಮುಂದೆ ಹೋದರು. ಇಬ್ಬರೂ ಒಂದೇ ಒಳಿತನ್ನು ತಿಳಿದು, ಒಪ್ಪಿ, ಒಟ್ಟಿಗೆ ಬಯಸಿದರೆ ಅಲ್ಲಿ ಬಳಕೆಯ ಸಂಬಂಧ ಕರಗುತ್ತದೆ ಎಂಬುದು ಅವರ ವಿಚಾರ.

ಇದನ್ನು ಅಜ್ಜಿಯ ಮನೆಗೆ ತಂದು ನೋಡೋಣ. ಬ್ರದರ್ ತಮ್ಮ ಮನೆಗೆ ಬರುವುದು ಏಕೆ ಎಂದು ಅಜ್ಜಿಗೆ ಗೊತ್ತಿತ್ತೇ? 'ಗುರುಮಠದಿಂದ ಕಳಿಸಿದ್ದಾರೆ' ಎಂದಷ್ಟೇ ಗೊತ್ತು. ಈ ಹುಡುಗ ಒಳ್ಳೆಯ ಗುರುವಾಗಲು ನಿಮ್ಮ ಸಹಾಯ ಬೇಕು ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವರು ಗುರುವಿಗೆ ಗುರುವಾಗುತ್ತಿದ್ದರು. ಹೇಳದೆ ಇದ್ದುದರಿಂದ ಅವರ ದುಃಖ ಇನ್ನೊಬ್ಬರ ನೋಟ್‌ಬುಕ್ಕಿಗೆ ಸರಕಾಯಿತು.

ಬೇರೆಯವರನ್ನು ದೂರುವ ಮೊದಲು ನನ್ನದೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಅಭ್ಯರ್ಥಿಯಾಗಿದ್ದಾಗ ವಾರಕ್ಕೊಮ್ಮೆ ಒಂದು ದೊಡ್ಡಾಸ್ಪತ್ರೆಗೆ ಹೋಗಬೇಕಿತ್ತು. ವಾರ್ಡಿನ ಮೂಲೆಯ ಮಂಚದಲ್ಲಿ ವಯಸ್ಸಾದ ಒಬ್ಬ ರೈತರು ಮಲಗಿದ್ದರು. ಕ್ರೈಸ್ತರಲ್ಲ. ನಾನು ಅವರನ್ನು ಕೇಳದೆಯೇ ತಲೆಯ ಮೇಲೆ ಕೈಯಿಟ್ಟು ದೀರ್ಘವಾಗಿ ಪ್ರಾರ್ಥಿಸಿದೆ. ಅವರು ಎರಡು ಸಲ ಏನೋ ಹೇಳಲು ಬಾಯಿ ತೆರೆದರು, ಭಾವೋದ್ವೇಗ ಎಂದುಕೊಂಡೆ. ಪ್ರಾರ್ಥನೆ ಮುಗಿದ ಮೇಲೆ ಪಕ್ಕದ ಮಂಚದವರು ಹೇಳಿದರು, "ಅವರಿಗೆ ನೀರು ಬೇಕಂತೆ." ಆ ಭೇಟಿಯ ಬಗ್ಗೆ ನಾನು ನಾಲ್ಕು ಪುಟ ವರದಿ ಬರೆದೆ. ನೀರಿನ ವಿಷಯ ಬರೆಯಲಿಲ್ಲ. ಒಳ್ಳೆಯ ಅಂಕ ಬಂತು. ಆಮೇಲೆ ಪರೀಕ್ಷೆ ಶುರುವಾಗಿ ಮೂರು ವಾರ ಆಸ್ಪತ್ರೆಗೆ ಹೋಗಲಿಲ್ಲ. ಹೋದಾಗ ಆ ಮಂಚದಲ್ಲಿ ಬೇರೆಯವರಿದ್ದರು. ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಮಹಾಸಭೆ 1965ರಲ್ಲೇ ಎಚ್ಚರಿಸಿದೆ: ವಿಶ್ವಾಸವನ್ನು ಹಂಚುವಾಗ ಬಲವಂತದ ವಾಸನೆಯೂ ಇರಬಾರದು, ಅದರಲ್ಲೂ ಬಡವರ, ಓದುಬರಹ ಬಾರದವರ ವಿಷಯದಲ್ಲಿ. ನಾನು ಅದನ್ನು ಪರೀಕ್ಷೆಗೆ ಓದಿದ್ದೆ. ಮಂಚದಿಂದ ಎದ್ದು ಹೋಗಲಾರದವನ ಮುಂದೆ ನಿಂತಾಗ ಅದು ನೆನಪಾಗಲಿಲ್ಲ.

ಇನ್ನೊಂದು ಸಣ್ಣ ಮಾತು. ನಾವು ಅಭ್ಯರ್ಥಿಗಳನ್ನು ಕೊಳೆಗೇರಿಗೆ, ಸರ್ಕಾರಿ ವಾರ್ಡಿಗೆ, ವಿಧವೆಯರ ಮನೆಗೆ ಕಳಿಸುತ್ತೇವೆ. ಗೇಟಿಗೆ ನಾಯಿ ಕಟ್ಟಿದ ಮನೆಗೆ ಅಪರೂಪಕ್ಕೂ ಕಳಿಸುವುದಿಲ್ಲ. ಅಲ್ಲಿ ದುಃಖವಿಲ್ಲವೇ? ಇದೆ. ಆದರೆ ಅವರು 'ಇವತ್ತು ಬೇಡ ಫಾದರ್' ಎಂದು ಹೇಳಬಲ್ಲರು. ಬಡವರ ಮೇಲಿನ ಪ್ರೀತಿಯಿಂದ ಹೋಗುವುದು ಬೇರೆ, ಬಡವರು ಬೇಡ ಎನ್ನಲಾರರೆಂದು ಹೋಗುವುದು ಬೇರೆ. ಎರಡೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ.

ಪ್ರಭು ಯೇಸುವೂ ಕಲಿಯುತ್ತಿದ್ದವರನ್ನೇ ಕಳಿಸಿದರು. ಇಬ್ಬಿಬ್ಬರಾಗಿ ಕಳಿಸಿದರು, ಹಿಂತಿರುಗಿದಾಗ ಅವರು ಹೇಳಿದ್ದನ್ನೆಲ್ಲಾ ಕೇಳಿಸಿಕೊಂಡರು, ವಿಶ್ರಾಂತಿಗೆ ಕರೆದುಕೊಂಡು ಹೋದರು ಎಂದು ಮಾರ್ಕನ ಶುಭಸಂದೇಶದ ಆರನೇ ಅಧ್ಯಾಯ ತಿಳಿಸುತ್ತದೆ. ಇದನ್ನು ನಾವು ಪ್ರಬೋಧನೆಗಳಲ್ಲಿ ಸಾಕಷ್ಟು ಹೇಳಿದ್ದೇವೆ. ಒಂಬತ್ತನೇ ಅಧ್ಯಾಯವನ್ನು ಅಷ್ಟಾಗಿ ಹೇಳುವುದಿಲ್ಲ. ಅಲ್ಲಿ ಒಬ್ಬ ತಂದೆ ತನ್ನ ಕಾಯಿಲೆಯ ಮಗನನ್ನು ಶಿಷ್ಯರ ಬಳಿಗೆ ಕರೆತಂದಿದ್ದಾನೆ. ಅವರ ಕೈಯಲ್ಲಿ ಆಗಲಿಲ್ಲ. ಸುತ್ತ ಜನ ಸೇರಿ ವಾದ ನಡೆದಿದೆ. ಯೇಸು ಬೆಟ್ಟದಿಂದ ಇಳಿದು ಬಂದಾಗ ಆ ತಂದೆ ನೇರವಾಗಿ ದೂರು ಹೇಳುತ್ತಾನೆ: ನಿಮ್ಮ ಶಿಷ್ಯರಿಂದ ಆಗಲಿಲ್ಲ. ಆಗ ಯೇಸು ಏನು ಮಾಡಿದರು? ಬೇಸರವನ್ನು ಮುಚ್ಚಿಡಲಿಲ್ಲ. ಆದರೆ 'ಅವರಿನ್ನೂ ಕಲಿಯುತ್ತಿದ್ದಾರೆ' ಎಂದು ತಂದೆಯ ಬಾಯಿ ಮುಚ್ಚಿಸಲೂ ಇಲ್ಲ. ಮಗನನ್ನು ತನ್ನಿ ಎಂದರು. ಎಷ್ಟು ದಿನದಿಂದ ಹೀಗಿದೆ ಎಂದು ತಂದೆಯನ್ನು ಕೇಳಿದರು. ಅವನ ಅರೆನಂಬಿಕೆಯನ್ನೂ ಸ್ವೀಕರಿಸಿದರು. ಹುಡುಗನ ಕೈಹಿಡಿದು ಎಬ್ಬಿಸಿದರು. ಇಷ್ಟೆಲ್ಲಾ ಆಗಿ ಮನೆಗೆ ಹೋದ ಮೇಲೆ, ಶಿಷ್ಯರು ಏಕಾಂತದಲ್ಲಿ 'ನಮ್ಮಿಂದ ಏಕೆ ಆಗಲಿಲ್ಲ' ಎಂದು ಕೇಳಿದಾಗ, ಪ್ರಾರ್ಥನೆಯ ಪಾಠ ಹೇಳಿದರು.

ಈ ಕ್ರಮವನ್ನು ನಾನು ಎಷ್ಟು ಸಲ ಓದಿದರೂ ಸಾಲದು. ಮೊದಲು ನೊಂದ ಮನೆಯವರು, ಆಮೇಲೆ ಕಲಿಯುವವರು. ಪಾಠ ಮನೆಯೊಳಗೆ, ಏಕಾಂತದಲ್ಲಿ. ಹುಡುಗನನ್ನು ಮುಂದೆ ನಿಲ್ಲಿಸಿಕೊಂಡು ಅಲ್ಲ. ಕಲಿಯುವವರು ಬಿಟ್ಟುಹೋದ ಕೆಲಸವನ್ನು ಕಳಿಸಿದವರೇ ಬಂದು ಮುಗಿಸಬೇಕು. ಮೇಲ್ವಿಚಾರಣೆ ಎಂದರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದು ಎಂದು ನಂಬಿದ್ದ ನನ್ನಂಥವರಿಗೆ ಇದು ಸ್ವಲ್ಪ ಕಷ್ಟದ ಓದು.

ಹಾಗಾಗಿ ನಮ್ಮಲ್ಲಿ ಕೆಲವು ಬದಲಾವಣೆ ಮಾಡಿದೆವು. ಬ್ರದರ್‌ಗಳು ಬರುವ ಮೊದಲೇ, ಮೇ ತಿಂಗಳಲ್ಲಿ, ನಾನು ಮನೆಗಳಿಗೆ ಹೋಗಿ ಕೇಳುತ್ತೇನೆ: ಕಲಿಯುವ ಒಬ್ಬರು ಬರಬಹುದೇ? ಬೇಡ ಎಂದವರ ಮನೆಗೆ ನಾನೇ ಹೋಗುತ್ತೇನೆ, ಬೇಡ ಎಂದುದಕ್ಕೆ ಕಾರಣ ಕೇಳುವುದಿಲ್ಲ. ಮೊದಲು ಹನ್ನೆರಡು ಮನೆ ಕೊಡುತ್ತಿದ್ದೆವು, ಈಗ ನಾಲ್ಕೇ ಮನೆ. ಇಬ್ಬರು ಜೊತೆಯಾಗಿ ಹೋಗುತ್ತಾರೆ. ಮನೆಯೊಳಗೆ ನೋಟ್‌ಬುಕ್ ತೆರೆಯುವಂತಿಲ್ಲ. ವರದಿಯಲ್ಲಿ ಹೆಸರು, ಊರು, ಗುರುತು ಯಾವುದೂ ಇರಬಾರದು. ಧರ್ಮೋಪದೇಶ ತರಗತಿಯ ಬಾಗಿಲು ತೆರೆದೇ ಇರಬೇಕು, ಒಬ್ಬ ದೊಡ್ಡವರು ಮಗುವಿನೊಂದಿಗೆ ಒಂಟಿಯಾಗಿರಬಾರದು. 2012ರ ಪೋಕ್ಸೊ ಕಾಯಿದೆ ಬಂದ ಮೇಲೆ ಮಾತ್ರ ಇದನ್ನು ಗಂಭೀರವಾಗಿ ತೆಗೆದುಕೊಂಡೆವು ಎಂಬುದು ನಮಗೆ ಹೆಮ್ಮೆಯ ವಿಷಯವಲ್ಲ. ಮಾರ್ಚ್‌ನಲ್ಲಿ ಹೇಳದೆ ಕೇಳದೆ ಮಾಯವಾಗುವ ಪದ್ಧತಿ ನಿಂತಿದೆ. ಹೋಗುವವರು ವಿದಾಯ ಹೇಳಿ ಹೋಗುತ್ತಾರೆ, ಜೂನ್‌ನಲ್ಲಿ ಒಂದು ದಿನ ಬಂದು ಹೊಸಬರನ್ನು ತಾವೇ ಕರೆದುಕೊಂಡು ಹೋಗಿ ಪರಿಚಯಿಸುತ್ತಾರೆ. ಹಳೆಯ ಕಥೆಯನ್ನು ಎಷ್ಟು ಹೇಳಬೇಕು, ಹೇಳಬೇಕೇ ಬೇಡವೇ ಎಂಬುದು ಮನೆಯವರ ಇಷ್ಟ.

ಇದರಿಂದ ನಷ್ಟವೂ ಆಗಿದೆ. ಮುಟ್ಟುವ ಮನೆಗಳು ಕಡಿಮೆಯಾದವು, ನನ್ನ ಓಡಾಟ ಹೆಚ್ಚಿತು. ಅಭ್ಯರ್ಥಿಗಳಲ್ಲಿ ಒಬ್ಬರು 'ಇಷ್ಟು ಕಟ್ಟುನಿಟ್ಟಾದರೆ ಪವಿತ್ರಾತ್ಮರಿಗೆ ಜಾಗವೆಲ್ಲಿ ಫಾದರ್' ಎಂದು ಕೇಳಿದರು. ತಪ್ಪು ಪ್ರಶ್ನೆಯೇನಲ್ಲ. ಮೇಲ್ವಿಚಾರಣೆ ಕಾವಲಾಗಿಬಿಟ್ಟರೆ ಹುಡುಗರು ತಪ್ಪು ಮಾಡಲು ಹೆದರಿ ಏನನ್ನೂ ಮಾಡದೆ ಕೂರುತ್ತಾರೆ. ನನಗೆ ಆಗ ಸಂತ ಜಾನ್ ಮರಿಯ ವಿಯಾನ್ನಿಯವರ ನೆನಪಾಗುತ್ತದೆ. ಲತೀನ್ ತಲೆಗೆ ಹತ್ತದೆ ಗುರುಮಠದಲ್ಲಿ ಸೋತ ಅವರನ್ನು ಎಕುಲ್ಲಿ ಗ್ರಾಮದ ಧರ್ಮಗುರು ಬಾಲೆಯವರು ಕೈಬಿಡಲಿಲ್ಲ. 1815ರಲ್ಲಿ ಗುರುದೀಕ್ಷೆಯಾದ ಮೇಲೂ ತಮ್ಮ ಬಳಿಯೇ ಸಹಾಯಕರಾಗಿ ಇಟ್ಟುಕೊಂಡರು. ಪಾಪನಿವೇದನೆ ಕೇಳಲು ಹೊಸ ಗುರುವಿಗೆ ಮೊದಮೊದಲು ಅನುಮತಿ ಇರಲಿಲ್ಲ. ಅನುಮತಿ ಬಂದಾಗ ಅವರ ಮುಂದೆ ಮೊದಲು ಮೊಣಕಾಲೂರಿದವರು ಬಾಲೆಯವರೇ ಎಂದು ಅವರ ಚರಿತ್ರೆಕಾರರು ಹೇಳುತ್ತಾರೆ. ಜನರ ಪಾಪಗಳನ್ನು ಕಲಿಯುವವನ ಕೈಗೆ ಕೊಡುವ ಮೊದಲು ಕಲಿಸುವವನು ತನ್ನದನ್ನು ಕೊಟ್ಟ. ನಾನು ಇನ್ನೂ ಅಷ್ಟು ದೂರ ಹೋಗಿಲ್ಲ. ಆದರೆ ಈಗ ವಿಮರ್ಶೆಗೆ ಕೂತಾಗ ನೀರಿನ ಕಥೆಯನ್ನು ಮೊದಲು ನಾನೇ ಹೇಳುತ್ತೇನೆ. ಆಮೇಲೆ ಹುಡುಗರು ತಮ್ಮದನ್ನು ಹೇಳುತ್ತಾರೆ.

ಅಜ್ಜಿಯನ್ನೂ ಕೇಳಿದೆ, ಬ್ರದರ್ ಬರಬಹುದೇ ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದು "ಬರಲಿ, ಆದರೆ ಏನೂ ಕೇಳಬಾರದು" ಎಂದರು. ಬಂದ ಬ್ರದರ್ ಕೇಳಲಿಲ್ಲ. ಶನಿವಾರ ಹೋಗುತ್ತಿದ್ದರು, ಅಂಗಡಿಯಿಂದ ಮಾತ್ರೆ ತಂದುಕೊಡುತ್ತಿದ್ದರು, ಅವರೆಕಾಯಿ ಕಾಲದಲ್ಲಿ ಕೂತು ಕಾಯಿ ಸುಲಿಯುತ್ತಿದ್ದರು. ಜನವರಿಯ ಒಂದು ಶನಿವಾರ ಅಜ್ಜಿ ತಾವಾಗಿಯೇ ಗೋಡೆಯ ಮೇಲಿದ್ದ ಫೋಟೋ ಇಳಿಸಿ, ಸೆರಗಿನಿಂದ ಒರೆಸಿ, ಅವರ ಕೈಗೆ ಕೊಟ್ಟರಂತೆ. ಆ ದಿನದ ವರದಿಯಲ್ಲಿ ಬ್ರದರ್ ಬರೆದದ್ದು ಎರಡೇ ಸಾಲು. ಅದಕ್ಕೆ ಎಷ್ಟು ಅಂಕ ಕೊಡಬಹುದೆಂದು ಗುರುಮಠದಿಂದ ನನ್ನನ್ನು ಕೇಳಿದ್ದಾರೆ. ಕಾಗದ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ.