ಮಂಡಿಯೂರಿದ ಮರದ ಹೆಣ್ಣು

ನೈಜೀರಿಯಾದ ಯೊರುಬಾ ಜನರ ಮನೆಗಳಲ್ಲಿ ಬಂದವರ ಮುಂದಿಡುವುದು ಕೋಲಾ ಬೀಜ. ಅವರ ಮಾತಿನಲ್ಲಿ ಒಬಿ. ಹಿರಿಯರೊಬ್ಬರು ಹರಸಿ, ಹೋಳು ಬಿಡಿಸಿ ಎಲ್ಲರಿಗೂ ಹಂಚುತ್ತಾರೆ. ರುಚಿ ಕಹಿ, ಮೇಲೊಂದು ಗುಟುಕು ನೀರು ಕುಡಿದರೆ ಬಾಯೆಲ್ಲ ಸಿಹಿ.

ಹಿಂದೆ ಅರಮನೆಗಳಲ್ಲಿ, ಉಳ್ಳವರ ಮನೆಗಳಲ್ಲಿ ಒಬಿ ಇಡಲೆಂದೇ ಮರದ ಹೆಣ್ಣನ್ನು ಕೆತ್ತಿಸುತ್ತಿದ್ದರು. ಮಂಡಿಯೂರಿ ಕೂತಿದ್ದಾಳೆ, ಎರಡೂ ಕೈಯಲ್ಲಿ ಬಟ್ಟಲು. ಎಷ್ಟೋ ಸಲ ಬಟ್ಟಲು ಹುಂಜದ ಆಕಾರದ್ದು. ಹುಂಜದ ಬೆನ್ನೇ ಮುಚ್ಚಳ. ಕೆಲವರ ಬೆನ್ನಿಗೆ ಕೂಸೂ ಉಂಟು. ಇವಳ ಚಿತ್ರ ನೋಡಿದಾಗಲೆಲ್ಲ ನನ್ನ ಕಣ್ಣು ಹೋಗುವುದು ಅವಳ ಕತ್ತಿನ ಕಡೆಗೆ. ಮಂಡಿ ನೆಲಕ್ಕೆ ತಾಗಿದೆ, ಕತ್ತು ಬಾಗಿಲ್ಲ. ಬೆನ್ನು ನೆಟ್ಟಗೆ, ಮುಡಿ ಎತ್ತರಕ್ಕೆ, ಕಣ್ಣು ಅಗಲ. ತಲೆ ಮೈಯ ಅಳತೆಗೆ ಬಹಳ ದೊಡ್ಡದು. ಮನುಷ್ಯನ ಹಣೆಬರಹ ತಲೆಯಲ್ಲೇ ನೆಲೆಸಿದೆ ಎಂದು ನಂಬಿದವರು ಯೊರುಬಾ ಜನ. ಹಿರಿಯರ ಮುಂದೆ, ದೈವದ ಮುಂದೆ ಹೆಣ್ಣುಮಕ್ಕಳು ಊರುವ ಮಂಡಿಯನ್ನೇ ಇವಳು ಮನೆಗೆ ಬಂದವರ ಮುಂದೆಯೂ ಊರಿದ್ದಾಳೆ. ಅದರಲ್ಲಿ ಕುಗ್ಗಿದ ಭಾವ ನನಗೆ ಎಳ್ಳಷ್ಟೂ ಕಾಣುವುದಿಲ್ಲ.

ಇಂಥ ಹೆಣ್ಣನ್ನು ಕೆತ್ತಿದವರಲ್ಲಿ ಒಬ್ಬ, ಇಸೆ ಊರಿನ ಅರಸನಿಗಾಗಿ ಕೆತ್ತುತ್ತಿದ್ದ ಒಲೊವೆ ಎಂಬ ಶಿಲ್ಪಿ. ಅವನು 1938ರಲ್ಲಿ ತೀರಿಕೊಂಡ. ಇಕೆರೆ ಅರಮನೆಯ ಜಗಲಿಗೆ 1910ರಿಂದ 1914ರ ನಡುವೆ ಅವನು ಕಡೆದ ಕಂಬವೊಂದರಲ್ಲಿ ಅರಸ ಕೂತಿದ್ದಾನೆ. ಹಿಂದೆ ನಿಂತ ಹಿರಿಯ ರಾಣಿ ಅವನಿಗಿಂತ ಎಷ್ಟೋ ಎತ್ತರ. ಅದೇ ಕೈ ಮಾಡಿದ ಬಟ್ಟಲೊಂದು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಮಂಡಿಯೂರಿದ ಹೆಣ್ಣು ಬಟ್ಟಲು ಹಿಡಿದಿದ್ದಾಳೆ. ಅದರ ಅಡಿಯಲ್ಲಿ ಆಸರೆಯಾಗಿ ಪುಟ್ಟ ಬೊಂಬೆಗಳು ಸುತ್ತುಗಟ್ಟಿ ಕೂತಿವೆ. ಅವುಗಳ ನಡುವೆ ಒಂದು ತಲೆ, ಯಾವುದಕ್ಕೂ ಅಂಟದೆ ಸಡಿಲವಾಗಿ ಉರುಳಾಡುತ್ತದೆ. ಬೇರೆ ಮಾಡಿ ಒಳಗೆ ಸೇರಿಸಿದ್ದಲ್ಲ ಅದು. ಬಟ್ಟಲು ಕಡೆದ ಅದೇ ಮರದ ತುಂಡಿನಲ್ಲಿ, ಬೊಂಬೆಗಳ ಸಂದಿಯಲ್ಲೇ ಉಳಿ ತೂರಿಸಿ ಬಿಡಿಸಿದ್ದು. ಕೈ ಒಂದಿಷ್ಟು ಜಾರಿದ್ದರೂ ಇಡೀ ಕೆಲಸ ಹಾಳು. ಹಿಡಿಯಷ್ಟು ಬೀಜ ಇಡುವ ಪಾತ್ರೆಗೆ, ಇನ್ನೂ ಯಾರೆಂದೇ ಗೊತ್ತಿಲ್ಲದ ಅತಿಥಿಗೆ, ಇಷ್ಟೊಂದು ದುಡಿಮೆ! ಬೆಳಗಿನ ಹೊತ್ತು ಇದನ್ನು ನೆನೆದರೆ ಮನಸ್ಸು ತುಂಬುತ್ತದೆ.

ಅಂಥ ಬಟ್ಟಲುಗಳು ಬಹುಮಟ್ಟಿಗೆ ವಸ್ತುಸಂಗ್ರಹಾಲಯ ಸೇರಿದವು. ಒಬಿ ಮಾತ್ರ ಮನೆಗಳಲ್ಲೇ ಉಳಿದಿದೆ, ಮದುವೆಯಲ್ಲಿ, ನಾಮಕರಣದಲ್ಲಿ. ಹುಟ್ಟಿದ ಎಂಟನೆಯ ದಿನ ಕೂಸಿಗೆ ಹೆಸರಿಡುತ್ತಾರೆ. ನೀರು, ಜೇನು, ಉಪ್ಪನ್ನು ಒಂದೊಂದಾಗಿ ಅದರ ತುಟಿಗೆ ಮುಟ್ಟಿಸಿ ಹರಸುತ್ತಾರೆ. ಹೊಸದಾಗಿ ಬಂದ ಆ ಅತಿಥಿಯ ಹೆಸರಿನಲ್ಲಿ, ನೆರೆದವರೆಲ್ಲ ಒಬಿಯ ಹೋಳು ಹಂಚಿಕೊಂಡು ತಿನ್ನುತ್ತಾರೆ.