ಸತ್ಯಕ್ಕೆ ಸುಳ್ಳು ಸಾಕ್ಷಿ ಬೇಕೆ?

ಬೈಂದೂರಿನಲ್ಲಿ ಪಿಯುಸಿ ವಿಜ್ಞಾನ ಓದುತ್ತಿರುವ ಹುಡುಗನೊಬ್ಬ ಒಂದು ಸಂಜೆ ಕುಂದಾಪುರದ ನಮ್ಮ ಮನೆಗೆ ಬಂದ. ಚಿಕ್ಕವನಿದ್ದಾಗ ಮದ್ರಸದಲ್ಲಿ ನನ್ನ ಬಳಿ ಕಲಿತವನು. ಸೀರತ್ ಕಾರ್ಯಕ್ರಮವೊಂದರಲ್ಲಿ ಅವನು ಭಾಷಣ ಮಾಡಬೇಕಾಗಿತ್ತು. ಬರೆದು ತಂದ ಹಾಳೆಯನ್ನು ನನ್ನ ಕೈಗಿತ್ತು, ತಿದ್ದಿ ಕೊಡಿ ಎಂದ.

ಅದರಲ್ಲಿದ್ದ ವಾದ ಹೀಗಿತ್ತು: ಪವಿತ್ರ ಕುರ್‌ಆನಿನಲ್ಲಿ ಕಬ್ಬಿಣದ ಹೆಸರಿನ ಒಂದು ಅಧ್ಯಾಯವಿದೆ, ಅಲ್ ಹದೀದ್. ಅಬ್ಜದ್ ಲೆಕ್ಕದಲ್ಲಿ ‘ಹದೀದ್’ ಪದದ ಅಕ್ಷರಗಳ ಬೆಲೆ 8, 4, 10, 4. ಕೂಡಿಸಿದರೆ 26. ಆವರ್ತ ಕೋಷ್ಟಕದಲ್ಲಿ ಕಬ್ಬಿಣದ ಪರಮಾಣು ಸಂಖ್ಯೆಯೂ 26. ಅಧ್ಯಾಯದ ಕ್ರಮಾಂಕ 57. ಕಬ್ಬಿಣದ ಐಸೋಟೋಪುಗಳಲ್ಲಿ ಒಂದರ ದ್ರವ್ಯಸಂಖ್ಯೆಯೂ 57. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ನನಗೆ ಸಂತೋಷವೇ ಆಯಿತು. ಕೆಲವು ವರ್ಷಗಳ ಹಿಂದೆ ಇದೇ ಮಾತನ್ನು ನಾನೂ ವೇದಿಕೆಯಲ್ಲಿ ಹೇಳಿ ಜನರ ಮೆಚ್ಚುಗೆ ಗಳಿಸಿದ್ದೆ. ಆದರೆ ಹುಡುಗ ತಲೆ ತಗ್ಗಿಸಿ ಕೇಳಿದ: “ಉಸ್ತಾದ್, ಚಿನ್ನಕ್ಕೂ ಹೀಗೆ ಲೆಕ್ಕ ಹಾಕಿ ನೋಡಿದೆ. ಸರಿಹೋಗಲಿಲ್ಲ. ಅದನ್ನು ಭಾಷಣದಲ್ಲಿ ಹೇಳಬೇಕೋ, ಬಿಡಬೇಕೋ?”

ಇಬ್ಬರೂ ಪೆನ್ಸಿಲ್ ಹಿಡಿದು ಕುಳಿತೆವು. ಚಿನ್ನಕ್ಕೆ ಅರಬಿಯಲ್ಲಿ ‘ದಹಬ್’. ಅಬ್ಜದ್ ಲೆಕ್ಕದಲ್ಲಿ 707. ಚಿನ್ನದ ಪರಮಾಣು ಸಂಖ್ಯೆ 79. ತಾಮ್ರಕ್ಕೆ ‘ನುಹಾಸ್’, ಅಂದರೆ 119. ತಾಮ್ರದ ಪರಮಾಣು ಸಂಖ್ಯೆ 29. ಇನ್ನು ಕಬ್ಬಿಣದ ಮಾತು: ನಿಸರ್ಗದಲ್ಲಿ ಅದರ ನಾಲ್ಕು ಐಸೋಟೋಪುಗಳು ಸಿಗುತ್ತವೆ, 54, 56, 57 ಮತ್ತು 58. ನೂರು ಪರಮಾಣುಗಳಲ್ಲಿ ಸುಮಾರು 92 ಇರುವುದು 56ರವು. 57ರವು ಸುಮಾರು ಎರಡು ಮಾತ್ರ. ನಮಗೆ ಬೇಕಾದ ಸಂಖ್ಯೆ ಅದಾಗಿದ್ದರಿಂದ ನಾವು ಅದನ್ನೇ ಆರಿಸಿಕೊಂಡೆವು. ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ. ಆರಿಸಿದ್ದರಲ್ಲಿ ತಪ್ಪಿತ್ತು.

ಆಗ ಪ್ರಶ್ನೆ ರಸಾಯನಶಾಸ್ತ್ರದ್ದಾಗಿ ಉಳಿಯಲಿಲ್ಲ. ಒಳ್ಳೆಯ ಉದ್ದೇಶಕ್ಕಾಗಿ, ಸರಿಹೊಂದಿದ್ದನ್ನು ಮಾತ್ರ ಹೇಳಿ ಸರಿಹೊಂದದ್ದನ್ನು ಮುಚ್ಚಿಡಬಹುದೆ?

ಮೊದಲು ಆ 26 ಎಂದರೇನು ಎಂಬುದನ್ನು ನೋಡೋಣ. ಕಬ್ಬಿಣದ ಪರಮಾಣುವಿನ ಕೇಂದ್ರದಲ್ಲಿ 26 ಪ್ರೋಟಾನುಗಳಿವೆ, ಅದರ ಸುತ್ತ 26 ಇಲೆಕ್ಟ್ರಾನುಗಳಿವೆ. ಇಲೆಕ್ಟ್ರಾನುಗಳು ಮನಬಂದಂತೆ ಇರುವುದಿಲ್ಲ. ನಮಾಝಿನಲ್ಲಿ ಮುಂದಿನ ಸಫ್ ತುಂಬಿದ ಮೇಲೆ ಹಿಂದಿನದು ಆರಂಭವಾಗುವಂತೆ, ಒಳಗಿನ ಕವಚ ತುಂಬಿದ ಬಳಿಕ ಹೊರಗಿನದು ತುಂಬುತ್ತದೆ. ಮೊದಲನೆಯದರಲ್ಲಿ 2, ಎರಡನೆಯದರಲ್ಲಿ 8. ಆದರೆ ಈ ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು. ಮೂರನೆಯ ಕವಚದಲ್ಲಿ 18ಕ್ಕೆ ಸ್ಥಳವಿದ್ದರೂ, 8 ತುಂಬಿದ ನಂತರ ಎರಡು ಇಲೆಕ್ಟ್ರಾನುಗಳು ನಾಲ್ಕನೆಯದಕ್ಕೆ ಹೋಗುತ್ತವೆ. ಆಮೇಲೆ ಮೂರನೆಯದು ಮತ್ತೆ ತುಂಬತೊಡಗುತ್ತದೆ. ಹೀಗೆ ಕಬ್ಬಿಣದ ಜೋಡಣೆ 2, 8, 14, 2. ಸಫ್‌ನ ನಿಯಮ ಇಲ್ಲಿ ಸಲ್ಲುವುದಿಲ್ಲ.

ಈ ಜೋಡಣೆಯ ಫಲ ನಮ್ಮ ತಲೆಯ ಮೇಲೆಯೇ ಇದೆ. ಕುಂದಾಪುರದಿಂದ ಬ್ರಹ್ಮಾವರದವರೆಗಿನ ಹಳೆಯ ಮನೆಗಳ ಹೆಂಚನ್ನು ನೋಡಿರಿ. ಹೆಂಚಿನ ಹಸಿಮಣ್ಣು ಬೂದು ಬಣ್ಣದ್ದು. ಗೂಡಿನಲ್ಲಿ ಗಾಳಿಯಾಡುವಂತೆ ಸುಟ್ಟಾಗ ಅದರೊಳಗಿನ ಕಬ್ಬಿಣವು ಹೊರಗಿನ ಎರಡು ಮತ್ತು ಒಳಗಿನ ಒಂದು ಇಲೆಕ್ಟ್ರಾನನ್ನು ಆಮ್ಲಜನಕಕ್ಕೆ ಬಿಟ್ಟುಕೊಡುತ್ತದೆ. ಮಣ್ಣು ಕೆಂಪಾಗುತ್ತದೆ. ಬೈಂದೂರಿನ ಗುಡ್ಡಗಳ ಮುರಕಲ್ಲು ಕೆಂಪಾಗಿರುವುದೂ ಇದೇ ಕಾರಣದಿಂದ. ಯುಗಯುಗಗಳ ಮಳೆ ಇತರ ಅಂಶಗಳನ್ನು ತೊಳೆದೊಯ್ದು ಕಬ್ಬಿಣವನ್ನೂ ಅಲ್ಯೂಮಿನಿಯಮನ್ನೂ ಉಳಿಸಿದೆ. ಸೃಷ್ಟಿಯಲ್ಲಿ ವ್ಯವಸ್ಥೆಯಿದೆ ಎಂದು ಹೇಳಲು ಈ ಹೆಂಚು ಸಾಲದೆ? ಅಂಕಿಗಳ ಆಟ ಏಕೆ ಬೇಕು?

ಈ ವ್ಯವಸ್ಥೆಯನ್ನು ಮನುಷ್ಯ ಕಂಡುಕೊಂಡ ಬಗೆಯಲ್ಲೂ ನಮಗೆ ಪಾಠವಿದೆ. ರಷ್ಯಾದ ಮೆಂಡಲೀವ್ 1869ರಲ್ಲಿ ಆಗ ತಿಳಿದಿದ್ದ ಅರವತ್ತಕ್ಕೂ ಹೆಚ್ಚು ಧಾತುಗಳನ್ನು ಪರಮಾಣು ತೂಕ ಮತ್ತು ಗುಣಗಳ ಪ್ರಕಾರ ಜೋಡಿಸಿದರು. ಗುಣ ಹೊಂದದ ಕಡೆ ಹೇಗೋ ತುರುಕದೆ ಜಾಗವನ್ನು ಖಾಲಿ ಬಿಟ್ಟರು. ಅಲ್ಲಿಗೆ ಬರಬೇಕಾದ ಧಾತು ಹೇಗಿರುತ್ತದೆ ಎಂದು ಮುಂದಾಗಿಯೇ ಬರೆದಿಟ್ಟರು. 1875ರಲ್ಲಿ ಫ್ರಾನ್ಸಿನಲ್ಲಿ ಗ್ಯಾಲಿಯಂ ಸಿಕ್ಕಿತು. ಕಂಡುಹಿಡಿದವರು ಅದರ ಸಾಂದ್ರತೆ 4.7 ಎಂದರು. ಸುಮಾರು 5.9 ಇರಬೇಕು, ಶುದ್ಧೀಕರಿಸಿ ಮತ್ತೆ ಅಳೆಯಿರಿ ಎಂದು ಮೆಂಡಲೀವ್ ಸೂಚಿಸಿದರು. ಅಳೆದಾಗ 5.9 ಬಂತು. 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಸಿಕ್ಕಿ ಇನ್ನೆರಡು ಮನೆಗಳು ತುಂಬಿದವು.

ಅವರು ತಪ್ಪಿದ್ದೂ ಉಂಟು. ಅವರು ಊಹಿಸಿದ ಕೆಲವು ಧಾತುಗಳು ಸಿಗಲೇ ಇಲ್ಲ. ಟೆಲ್ಯೂರಿಯಂ ಅಯೋಡಿನ್‌ಗಿಂತ ಭಾರವಾಗಿದ್ದರೂ ಅದನ್ನು ಮೊದಲು ಇಟ್ಟು, ತೂಕ ಅಳೆದದ್ದೇ ತಪ್ಪಿರಬೇಕು ಎಂದುಕೊಂಡರು. ತೂಕ ಸರಿಯಾಗಿಯೇ ಇತ್ತು. ಧಾತುಗಳ ಕ್ರಮವನ್ನು ನಿರ್ಣಯಿಸುವುದು ತೂಕವಲ್ಲ, ಕೇಂದ್ರದ ವಿದ್ಯುದಂಶ ಎಂದು 1913ರಲ್ಲಿ ಮೋಸ್ಲೆ ತೋರಿಸಿದ ಮೇಲೆ ಗೊಂದಲ ಬಗೆಹರಿಯಿತು. ತಪ್ಪುಗಳನ್ನು ಮರೆಮಾಡದ ಕಾರಣ ಕೋಷ್ಟಕದ ಗೌರವ ಕುಗ್ಗಲಿಲ್ಲ.

ಎರಡು ದಾರಿಗಳ ಅಂತರ ಇಲ್ಲಿದೆ. ಮೆಂಡಲೀವ್ ಮೊದಲು ಹೇಳಿ ಆಮೇಲೆ ಪರೀಕ್ಷೆಗೆ ಒಡ್ಡಿಕೊಂಡರು. ನಾವು ಉತ್ತರವನ್ನು ನೋಡಿಕೊಂಡು ಲೆಕ್ಕ ಬರೆದೆವು. ತನ್ನ ಅಂಗಡಿಯ ತಕ್ಕಡಿಯಲ್ಲಿ ಹೀಗೆ ಮಾಡುವ ವ್ಯಾಪಾರಿಯನ್ನು ನಾವು ಏನೆನ್ನುತ್ತೇವೆ?

“ಇದರಿಂದ ಜನರ ವಿಶ್ವಾಸ ಗಟ್ಟಿಯಾಗುವುದಾದರೆ ತೊಂದರೆಯೇನು?” ಎಂದು ಕೇಳುವವರಿದ್ದಾರೆ. ಅವರ ಕಾಳಜಿ ಸುಳ್ಳಲ್ಲ. ಆದರೆ ಪ್ರವಾದಿವರ್ಯರ(ಸ) ನಡತೆಯನ್ನು ನೆನೆಯಿರಿ. ಅವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಮರಣಕ್ಕಾಗಿಯೇ ಸೂರ್ಯ ಕಪ್ಪಾದನೆಂದು ಜನ ಮಾತಾಡಿಕೊಂಡರು. ಸುಮ್ಮನಿದ್ದಿದ್ದರೆ ಸಾಕಿತ್ತು, ಜನ ನಂಬುತ್ತಿದ್ದರು. ಆದರೆ ದುಃಖದ ಆ ಹೊತ್ತಿನಲ್ಲೂ ಅವರು ಸುಮ್ಮನಿರಲಿಲ್ಲ. ಸೂರ್ಯಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಸಾವಿಗೂ ಯಾರ ಹುಟ್ಟಿಗೂ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ತಿಳಿಸಿದರು. ತನ್ನ ಪರವಾಗಿ ಬಂದ ಸುಳ್ಳು ಸಾಕ್ಷಿಯನ್ನು ತಾನೇ ತಳ್ಳಿಹಾಕಿದ ನಾಯಕರ ಅನುಯಾಯಿಗಳು ನಾವು.

ಇಮಾಮ್ ಗಝ್ಝಾಲಿ(ರ) ‘ತಹಾಫುತುಲ್ ಫಲಾಸಿಫಾ’ದ ಆರಂಭದಲ್ಲಿ ಇದೇ ಗ್ರಹಣದ ವಿಷಯವನ್ನೆತ್ತಿ ಎಚ್ಚರಿಸಿದ್ದಾರೆ. ಧರ್ಮವನ್ನು ತಪ್ಪು ರೀತಿಯಲ್ಲಿ ಸಮರ್ಥಿಸುವವನಿಂದ ಆಗುವ ಹಾನಿ, ವಿರೋಧಿಯಿಂದ ಆಗುವ ಹಾನಿಗಿಂತ ಹೆಚ್ಚು ಎಂಬುದು ಅವರ ಮಾತಿನ ಸಾರ. ಕಾರಣ ಸರಳ. ನಮ್ಮ ಮಕ್ಕಳು ನಾಳೆ ಕಾಲೇಜಿನ ಪ್ರಯೋಗಾಲಯಕ್ಕೆ ಹೋಗುತ್ತಾರೆ. ಅಲ್ಲಿ 56 ಮತ್ತು 57ರ ಪ್ರಮಾಣ ಅವರಿಗೆ ತಿಳಿಯುತ್ತದೆ. ಆಗ ಅವರು ಸಂದೇಹಪಡುವುದು ಆ ಒಂದು ಲೆಕ್ಕವನ್ನು ಮಾತ್ರವೆ? ಅದನ್ನು ಹೇಳಿಕೊಟ್ಟ ಉಸ್ತಾದರ ಉಳಿದ ಮಾತುಗಳನ್ನೂ ಸಂದೇಹಿಸುವುದಿಲ್ಲವೆ?

ಕೊನೆಗೆ ನಾವಿಬ್ಬರೂ ಅಲ್ ಹದೀದ್ ಅಧ್ಯಾಯವನ್ನೇ ತೆರೆದೆವು. ಕಬ್ಬಿಣದ ಪ್ರಸ್ತಾಪ ಇರುವುದು 25ನೆಯ ಸೂಕ್ತದಲ್ಲಿ. ಅದಕ್ಕೂ ಮೊದಲು ಅದೇ ಸೂಕ್ತದಲ್ಲಿ ತಕ್ಕಡಿಯ ಮಾತು ಬರುತ್ತದೆ. ಸಂದೇಶವಾಹಕರ ಜೊತೆ ಗ್ರಂಥವನ್ನೂ ತಕ್ಕಡಿಯನ್ನೂ ಇಳಿಸಿದ್ದು ಜನರು ನ್ಯಾಯದಲ್ಲಿ ನೆಲೆನಿಲ್ಲಲೆಂದು. ಕಬ್ಬಿಣದ ಅಂಕಿ ಎಣಿಸುವ ಭರದಲ್ಲಿ ನಾವು ತಕ್ಕಡಿಯನ್ನೇ ಮರೆತಿದ್ದೆವು.

ಹುಡುಗ ಆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ. ಗ್ರಹಣದ ಘಟನೆಯ ಕುರಿತು ಮಾತಾಡುತ್ತೇನೆ ಎಂದ. ಅವನ ಭಾಷಣ ತಿದ್ದುವುದು ಸುಲಭವಾಯಿತು. ನನ್ನದನ್ನು ತಿದ್ದುವುದು ಹಾಗಲ್ಲ, ಅಂದು ಕೇಳಿದವರೆಲ್ಲ ಈಗ ಎಲ್ಲಿದ್ದಾರೋ. ಅವರಲ್ಲಿ ಯಾರಾದರೂ ಈ ಪುಟವನ್ನು ಓದುತ್ತಿದ್ದರೆ, ಅಂದು ನಾನು ಹೇಳಿದ ಲೆಕ್ಕ ಅರ್ಧ ಮಾತ್ರವಾಗಿತ್ತು, ದಯವಿಟ್ಟು ಅದನ್ನು ಇನ್ನೊಬ್ಬರಿಗೆ ದಾಟಿಸಬೇಡಿರಿ.