ಹಾಡುಗಾರನ ಋಣ

ಹಾಡುಗಾರನ ಕಂಠ ಯಾರ ಸೊತ್ತು? 'ಅವನದೇ' ಎಂದು ಯಾರಾದರೂ ಹೇಳಿಯಾರು. ಆದರೆ ಆ ಕಂಠವನ್ನು ಲಕ್ಷಾಂತರ ಜನ ಪ್ರೀತಿಸಿ, ಅದರಿಂದ ಅವನೂ ಅವನ ಸಂಗಡಿಗರೂ ಬಾಳಿದ ಮೇಲೆ ಈ ಉತ್ತರ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಇಂಗ್ಲೆಂಡಿನ ರಾಬರ್ಟ್ ಪ್ಲಾಂಟ್ 'ಲೆಡ್ ಜೆಪ್ಪೆಲಿನ್' ಎಂಬ ರಾಕ್ ವೃಂದದ ಗಾಯಕನಾಗಿದ್ದವನು. ಗುಡುಗಿನಂಥ ಡ್ರಮ್ಮನ್ನೂ ವಿದ್ಯುತ್ ಗಿಟಾರನ್ನೂ ಸೀಳಿಕೊಂಡು ಏರುತ್ತಿದ್ದ ತಾರಸ್ವರ ಅವನದು. 1980ರ ಸೆಪ್ಟೆಂಬರಿನಲ್ಲಿ ಡ್ರಮ್ ವಾದಕ ಜಾನ್ ಬಾನಮ್ ತೀರಿಕೊಂಡ. ಅವನಿಲ್ಲದೆ ಮೊದಲಿನಂತೆ ನಡೆಯಲಾರೆವೆಂದು ಉಳಿದ ಮೂವರು ಡಿಸೆಂಬರಿನಲ್ಲಿ ವೃಂದವನ್ನು ಮುಗಿಸಿದರು. 2007ರ ಡಿಸೆಂಬರ್ 10ರಂದು, ಲಂಡನ್ನಿನಲ್ಲಿ, ಒಂದೇ ರಾತ್ರಿಯ ಮಟ್ಟಿಗೆ ಮತ್ತೆ ಕೂಡಿದರು; ಸತ್ತವನ ಜಾಗದಲ್ಲಿ ಅವನ ಮಗ ಜೇಸನ್ ಕುಳಿತ. ಹೀಗೆಯೇ ಊರೂರು ಸುತ್ತೋಣವೆಂದು ಉಳಿದವರಿಗೆ ಆಸೆ. ಪ್ಲಾಂಟ್ ಒಲ್ಲೆನೆಂದ. ಬೇರೆ ಗಾಯಕರನ್ನು ಕರೆಸಿ ನೋಡಿದರು; ಕೂಡಿಬರಲಿಲ್ಲ.

ಆ ಹೊತ್ತಿಗೆ ಅವನು ಅಮೆರಿಕದ ಪಿಟೀಲುಗಾರ್ತಿ, ಗಾಯಕಿ ಆಲಿಸನ್ ಕ್ರೌಸ್ ಜೊತೆ ತಗ್ಗುದನಿಯಲ್ಲಿ ಹಾಡತೊಡಗಿದ್ದ. 2019ರಿಂದ 'ಸೇವಿಂಗ್ ಗ್ರೇಸ್' ಎಂಬ ಪುಟ್ಟ ಮೇಳ: ಬ್ಯಾಂಜೊ, ಚೆಲೊ, ಮರದ ಗಿಟಾರು, ಪಕ್ಕದಲ್ಲಿ ಹಾಡಲು ಸುಝಿ ಡಯಾನ್. 2025ರಲ್ಲಿ ಅದರ ಧ್ವನಿಮುದ್ರಿಕೆಯೂ ಬಂತು.

ನಮ್ಮ ಶಾಸ್ತ್ರಕಾರರು ದೇವಋಣ, ಪಿತೃಋಣ, ಋಷಿಋಣಗಳನ್ನು ಎಣಿಸಿದರು. ಕೇಳುಗರ ಋಣವನ್ನು ಎಣಿಸಲಿಲ್ಲ. ಅದು ತೀರಿದೆಯೆಂದೇ ನನ್ನ ಎಣಿಕೆ. ಅವನು ಹಾಡಿದ, ಅವರು ಬೆಲೆ ಕೊಟ್ಟರು, ಮುದ್ರಿಕೆ ಮನೆಯಲ್ಲಿದೆ.

ಗೆಳೆಯರ ಮಾತು ಬೇರೆ. ಗಿಟಾರ್ ವಾದಕ ಜಿಮ್ಮಿ ಪೇಜ್ ಇನ್ನೊಂದು ವೃಂದವನ್ನು ಕಟ್ಟಬಲ್ಲ. ಆ ಹೆಸರನ್ನು ಆ ಕಂಠವಿಲ್ಲದೆ ಎತ್ತಲಾರ. ಒಬ್ಬನ ಬಿಡುಗಡೆಯಿಂದ ಇನ್ನೊಬ್ಬನ ಬಾಗಿಲು ಮುಚ್ಚಿತು. 'ಕಲಾವಿದನ ಸ್ವಾತಂತ್ರ್ಯ'ವೆಂಬ ದೊಡ್ಡ ಮಾತಿನಿಂದ ಈ ನಷ್ಟವನ್ನು ಒರೆಸಿಹಾಕುವುದು ನ್ಯಾಯವಲ್ಲ. ಆದರೆ ಅವನು ದಾಕ್ಷಿಣ್ಯಕ್ಕೆ ಒಪ್ಪಿ ಹೊರಟಿದ್ದರೆ ಗೆಳೆಯರಿಗೆ ದಕ್ಕುತ್ತಿದ್ದುದೇನು? ಇಪ್ಪತ್ತೈದರ ಹರೆಯದ ಕಂಠದ ಅಣಕ, ಅದೂ ಅವನ ಬಾಯಿಂದಲೇ.

ಸದ್ದಡಗಿದರೆ ಸತ್ಯ ಹೆಚ್ಚಿತೆಂದು ಕೆಲವರು ಹೊಗಳುತ್ತಾರೆ. ನಾನೊಪ್ಪೆ, ತಂಬೂರಿ ಹಿಡಿದೂ ಕಪಟಿಯಾಗಬಹುದು. ಅಲ್ಲದೆ ಮರದ ಗಿಟಾರಿನ ಮೆಲುಹಾಡುಗಳು ಆ ವೃಂದದ 1970ರ ಮೂರನೆಯ ಮುದ್ರಿಕೆಯಲ್ಲೇ ಇದ್ದವು. ಹೊಸದೆಂದರೆ ಜೊತೆದನಿ. ವೃಂದದಲ್ಲಿ ಬಹುಮಟ್ಟಿಗೆ ಒಂಟಿಯಾಗಿ ಹಾಡಿದವನು ಅರವತ್ತರ ಹೊಸ್ತಿಲಲ್ಲಿ ಇನ್ನೊಬ್ಬಳ ಉಸಿರಿಗೆ ತನ್ನ ಉಸಿರನ್ನು ಹೊಂದಿಸಬೇಕಾಯಿತು, ಅವಳು ಏರಿದಲ್ಲಿ ತಾನು ಇಳಿದು ನಿಲ್ಲಬೇಕಾಯಿತು. ಈ ಕಲಿಕೆಯನ್ನು ಕೇಳಿ ನಮಗೆ ಸಂತೋಷವಾಗುತ್ತದೆ. ಪೇಜ್‌ಗೂ ಆಗಬೇಕೆಂದು ಕೇಳುವ ಹಕ್ಕು ನಮಗಿಲ್ಲ.